ಮೀಟರು ಎಣಿಸುವುದು ಸುತ್ತುಗಳನ್ನು
(ಸಂಘದ ಚಾಲಕರ ಸಭೆಯಲ್ಲಿ ಮಾಡಿದ ಭಾಷಣ)



ಹೋಟೆಲಿನಲ್ಲಿ ಲೋಟ ತೊಳೆದು ಬಂದ ನಮಗೆ ಟೈರಿನ ವಿಚಾರ ಕಲಿಸಿದವರು ನೀವೇ. ಕಲಿಯಬೇಕಾಗಿ ಬಂದದ್ದು ಮಾತ್ರ ಒಂದು ಕಳ್ಳತನದ ಅಪವಾದದಿಂದ. ನಮ್ಮ ಚಾಲಕರೊಬ್ಬರು ಡೀಸೆಲ್ ಕದ್ದರೆಂದು ಧಣಿಗಳು ಹೇಳಿದರು. ಹೋದ ದಾರಿ ಅದೇ, ಸುಟ್ಟ ಡೀಸೆಲ್ ಅಷ್ಟೇ. ಮೀಟರಿನಲ್ಲಿ ಮಾತ್ರ ಕಿಲೋಮೀಟರು ಕಡಿಮೆ. ಕೂಲಿಯೂ ಕಿಲೋಮೀಟರಿನ ಲೆಕ್ಕದ್ದೇ, ಅದಕ್ಕೂ ಕತ್ತರಿ ಬಿತ್ತು.

ಮೀಟರು ರಸ್ತೆಯನ್ನು ಕಾಣದು, ಗಾಲಿಯ ಸುತ್ತುಗಳನ್ನು ಎಣಿಸುತ್ತದೆ. ಮೊದಲಿದ್ದ 165/80 ಆರ್ 14 ಟೈರಿನ ಸುತ್ತಳತೆ ಸುಮಾರು 195 ಸೆಂಟಿಮೀಟರು. ಮೈಲಿಗೆ 827 ಸುತ್ತು. ಧಣಿಗಳು ಹಾಕಿಸಿದ್ದು 175/80. ಅದಕ್ಕೆ 806 ಸುತ್ತೇ ಸಾಕು. 100 ಕಿಲೋಮೀಟರು ಓಡಿದರೆ ಮೀಟರು ತೋರಿಸುವುದು 97.5! ಭಾರಕ್ಕೆ ಟೈರು ಅಮರುವುದರಿಂದ ನಿಜದ ಸುತ್ತು ತುಸು ಹೆಚ್ಚೇ. ರೇಡಿಯಲ್ ಟೈರಿನಲ್ಲಿ ಉಕ್ಕಿನ ಪಟ್ಟಿಯಿರುವುದರಿಂದ ಗಾಳಿ ಇಳಿದರೂ ಈ ಲೆಕ್ಕ ಅಷ್ಟಾಗಿ ಕೆಡದು. ನೈಲಾನ್ ಟೈರಿನಲ್ಲಿ ಕೆಡುತ್ತದೆ.

ಸವೆದ ಟೈರಿನಲ್ಲಿ ಮೀಟರು ಹೆಚ್ಚು ತೋರಿಸುತ್ತದೆ. ಆಗ ಲಾಭ ನಮ್ಮದು, ಅದನ್ನೂ ಮುಚ್ಚಿಡಬಾರದು.

ಟೈರು ಬದಲಾದ ದಿನವೇ ಅಳತೆ ಬರೆಸಿ ಸಹಿ ಹಾಕಿಸಿರಿ. ಪುಣೆ ರಸ್ತೆಯ ಕಲ್ಲುಗಳ ಲೆಕ್ಕದಲ್ಲಿ 20 ಕಿಲೋಮೀಟರು ಓಡಿಸಿ ತಾಳೆ ನೋಡಿರಿ. ಸೋಮವಾರ ನಾವು ಧಣಿಗಳ ಬಳಿಗೆ ಹೋಗುತ್ತೇವೆ, ಹಳೆಯ ಟೈರನ್ನೂ ಹೊತ್ತುಕೊಂಡು.