ಪಾಸ್‌ಪೋರ್ಟ್ ಯಾರ ಬೀರುವಿನಲ್ಲಿದೆ?

ಸಂಘದ ಅಕ್ಕತಂಗಿಯರೇ,

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಓದಲೆಂದು ಅಮೆರಿಕಕ್ಕೆ ಹೋಗಿ, ಅಲ್ಲಿಯ ಪೌರತ್ವವಿದ್ದ ನಮ್ಮವನೊಬ್ಬನನ್ನು ಮದುವೆಯಾದಳು. ಗ್ರೀನ್ ಕಾರ್ಡಿನ ಅರ್ಜಿ ಇನ್ನೂ ಇತ್ಯರ್ಥವಾಗಿರಲಿಲ್ಲ. ಬೇರೆ ರಾಜ್ಯದಲ್ಲಿದ್ದ ಅಕ್ಕನ ಬಾಣಂತನಕ್ಕೆ ಹೊರಟಾಗ ಗಂಡ, ‘ಊರು ಬಿಟ್ಟರೆ ಅರ್ಜಿ ಬಿದ್ದುಹೋಗುತ್ತದೆ’ ಎಂದು ಹೆದರಿಸಿ ಪಾಸ್‌ಪೋರ್ಟನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ. ಅಕ್ಕನಿಗೆ ಮಗು ಹುಟ್ಟಿತು. ಇವಳು ಹೋಗಲಿಲ್ಲ.

ಅವನು ಹೇಳಿದ್ದು ಸುಳ್ಳು. ಅರ್ಜಿ ಬಾಕಿಯಿರುವಾಗ ಆ ದೇಶದೊಳಗೆ ಓಡಾಡಲು ಪ್ರತ್ಯೇಕ ಪ್ರಯಾಣ ಪರವಾನಗಿ ಬೇಕಿಲ್ಲ. ವಿಮಾನ ಹತ್ತಲು ನಮ್ಮ ಪಾಸ್‌ಪೋರ್ಟೇ ಗುರುತಿನ ಚೀಟಿ. ಜೊತೆಗೆ ಅರ್ಜಿಯ ರಸೀದಿ ಇಟ್ಟುಕೊಳ್ಳಬೇಕು. ಅಪಾಯವಿರುವುದು ದೇಶದ ಗಡಿ ದಾಟುವಲ್ಲಿ. ಮುಂಗಡ ಅನುಮತಿಯಿಲ್ಲದೆ ಭಾರತಕ್ಕೆ ಬಂದರೆ, ಸಾಮಾನ್ಯವಾಗಿ ಅರ್ಜಿ ಕೈಬಿಟ್ಟಂತೆಯೇ ಲೆಕ್ಕ. ಆದ್ದರಿಂದ ‘ನಾಲ್ಕು ದಿನ ತವರಿಗೆ ಹೋಗಿ ಬಾ’ ಎಂದು ಗಂಡ ಟಿಕೆಟ್ ತಂದುಕೊಟ್ಟರೆ, ಹೊರಡುವ ಮೊದಲು ವಕೀಲರನ್ನು ಕೇಳಬೇಕು.

ಹೊಡೆತ, ಹಿಂಸೆ ಇದ್ದರೆ ಅಲ್ಲಿ 1994ರ ಕಾನೂನಿದೆ. ಗಂಡ ಅಲ್ಲಿಯ ಪೌರನೋ ಗ್ರೀನ್ ಕಾರ್ಡ್ ಉಳ್ಳವನೋ ಆಗಿದ್ದರೆ, ಅವನಿಗೆ ತಿಳಿಸದೆ ಹೆಂಡತಿಯೇ ಅರ್ಜಿ ಹಾಕಬಹುದು.

ಮಗಳನ್ನು ಕಳಿಸುವಾಗ ಒಡವೆ ಎಣಿಸುತ್ತೇವೆ. ಕಾಗದಗಳನ್ನೂ ಎಣಿಸೋಣ, ಒಂದೊಂದರ ನಕಲೂ ತವರಿನಲ್ಲಿರಲಿ. ಫೋನಿನಲ್ಲಿ ‘ಊಟ ಆಯ್ತಾ?’ ಎಂದು ಕೇಳಿದ ಮೇಲೆ ಇದನ್ನೂ ಕೇಳೋಣ: ‘ಪಾಸ್‌ಪೋರ್ಟ್ ಯಾರ ಹತ್ತಿರ ಇದೆ, ಮಗಳೇ?’