ಪತ್ತು ಮತ್ತು ನಂಬಿಕೆ
(ಬಾನುಲಿ ಭಾಷಣ)

ನಮ್ಮ ಹಳೆಯ ಕಾವ್ಯಗಳಲ್ಲಿ ‘ಸಹಕಾರ’ವೆಂದರೆ ಮಾವಿನ ಮರ. ವಸಂತವರ್ಣನೆಯಲ್ಲಿ ಅದು ಚಿಗುರುತ್ತದೆ, ಕೋಗಿಲೆಯನ್ನು ಕರೆಯುತ್ತದೆ. ಇಂದು ಆ ಪದ ಕಿವಿಗೆ ಬಿದ್ದೊಡನೆ ಕಣ್ಣಿಗೆ ಕಟ್ಟುವುದು ಸೊಸೈಟಿಯ ಕಟ್ಟಡ, ಗೊಬ್ಬರದ ಚೀಲ, ಸಾಲದ ಅರ್ಜಿ. ನಾನು ಅರ್ಥಶಾಸ್ತ್ರಜ್ಞನಲ್ಲ, ಕನ್ನಡ ಪಾಠ ಹೇಳಿದವನು. ಆದರೂ ಈ ಅರ್ಥಾಂತರದ ಹಿಂದಿರುವ ಚರಿತ್ರೆ ನನ್ನನ್ನು ಸೆಳೆದಿದೆ. ಅದರ ಮೊದಲ ಅಧ್ಯಾಯಗಳಲ್ಲೊಂದು ನಡೆದದ್ದು ಗದಗಿಗೆ ಸಮೀಪದ ಕಣಗಿನಹಾಳದಲ್ಲಿ.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮುಂಬಯಿ ಪ್ರಾಂತದ ರೈತನನ್ನು ಬರಗಾಲದಷ್ಟೇ ಕಾಡಿದ್ದು ಸಾಲ. 1875ರಲ್ಲಿ ಪುಣೆ, ಅಹಮದನಗರ ಜಿಲ್ಲೆಗಳ ರೈತರು ದಂಗೆಯೆದ್ದು ಸಾಹುಕಾರರ ಮನೆಗಳಿಗೆ ನುಗ್ಗಿದಾಗ, ಮುಖ್ಯವಾಗಿ ಹುಡುಕಿ ಸುಟ್ಟದ್ದು ಸಾಲಪತ್ರಗಳನ್ನು. ತಾನು ಓದಲಾರದ ಅಕ್ಷರಕ್ಕೆ ತನ್ನ ಹೊಲವನ್ನು ಒತ್ತೆಯಿಟ್ಟವನ ರೋಷವದು. ಆದರೆ ಪತ್ರ ಸುಟ್ಟ ಮಾತ್ರಕ್ಕೆ ಮುಂದಿನ ಬಿತ್ತನೆಗೆ ಬೀಜ ದೊರೆಯುವುದಿಲ್ಲ. ಮತ್ತೆ ಅದೇ ಬಾಗಿಲಿಗೆ ಹೋಗಬೇಕು.

ಈ ಬಾಗಿಲಿಗೆ ಬದಲಾಗಿ ಬೇರೊಂದು ಬಾಗಿಲನ್ನು ತೆರೆಯಲೆಂದು 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂದಿತು. ಮರುವರ್ಷವೇ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಕಣಗಿನಹಾಳದ ಸಂಘ ಹುಟ್ಟಿತು.

ಅಂದಿನ ಗ್ರಾಮೀಣ ಸಂಘಗಳ ಸ್ವರೂಪವನ್ನು ಗಮನಿಸಬೇಕು. ಜರ್ಮನಿಯ ರೈಫೈಸನ್ ಹಾಕಿಕೊಟ್ಟ ಮಾದರಿಯದು. ಸದಸ್ಯರ ಹೊಣೆಗೆ ಮಿತಿಯಿಲ್ಲ. ಸಂಘ ಮುಳುಗಿದರೆ ಅದರ ಸಾಲಕ್ಕೆ ಎಲ್ಲರೂ ಬಾಧ್ಯರು. ಆದ್ದರಿಂದ ಸಾಲ ಕೇಳುವವನು ಎತ್ತು ಕೊಳ್ಳುವನೋ, ಮದುವೆಗೆ ಸುರಿಯುವನೋ ಎಂಬುದನ್ನು ನೆರೆಯವರು ಅರಿತಿರಲೇಬೇಕು. ‘ಪತ್ತು’ ಎಂದರೆ ವ್ಯವಹಾರದಲ್ಲಿ ಒಬ್ಬನ ಮೇಲೆ ಇತರರಿಗಿರುವ ನಂಬಿಕೆ. ಚಿನ್ನವಿಲ್ಲದವನ ನಡತೆಯೇ ಇಲ್ಲಿ ಅವನ ಒತ್ತೆಯಾಯಿತು. ಸದಸ್ಯನಿಗೆ ಎಷ್ಟೇ ಹೊಲವಿರಲಿ, ಮತ ಒಂದೇ. ಹುಟ್ಟಿನಿಂದಲೇ ಹಿರಿಮೆ ಕಿರಿಮೆಗಳನ್ನು ಎಣಿಸುತ್ತಿದ್ದ ಹಳ್ಳಿಗೆ ಇದು ಸಣ್ಣ ಮಾತಲ್ಲ.

ಆದರೆ ಈ ನಂಬಿಕೆಯ ವೃತ್ತ ಎಷ್ಟು ಅಗಲವಾಗಿತ್ತು? ಸಾಲ ಹೊಲವನ್ನು ಹಿಂಬಾಲಿಸಿತು. ಹೊಲವಿಲ್ಲದ ಕೂಲಿಯವನೂ ಹೆಣ್ಣುಮಕ್ಕಳೂ ಬಹುಮಟ್ಟಿಗೆ ಹೊರಗೇ ಉಳಿದರು. 1951-52ರ ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆಯ ಪ್ರಕಾರ ರೈತರು ಪಡೆದ ಸಾಲದಲ್ಲಿ ಸಹಕಾರ ಸಂಘಗಳ ಪಾಲು ನೂರಕ್ಕೆ ಸುಮಾರು 3 ಮಾತ್ರ. ಅರ್ಧ ಶತಮಾನ ಕಳೆದರೂ ಸಾಹುಕಾರನ ಬಾಗಿಲು ಮುಚ್ಚಿರಲಿಲ್ಲ. ಮುಂದೆ ಹಾಲಿನ ಸಂಘಗಳು ಬಂದಾಗ ವೃತ್ತ ತುಸು ಹಿಗ್ಗಿತು. ಒಂದೇ ಎಮ್ಮೆ ಸಾಕಿದವಳೂ ಸದಸ್ಯೆಯಾಗಬಹುದಾಯಿತು.

ಸಹಕಾರ ಸಂಘ ಕಟ್ಟುವುದನ್ನು 2011ರ ಸಂವಿಧಾನ ತಿದ್ದುಪಡಿ ಮೂಲಭೂತ ಹಕ್ಕಾಗಿಸಿತು. ಹಕ್ಕನ್ನು ಶಾಸನ ಕೊಡಬಲ್ಲದು, ಹೊಣೆಯನ್ನು ಕೊಡಲಾರದು. ಸಂಘವೆಂದರೆ ಸರ್ಕಾರದ ಕಚೇರಿ, ಸಾಲವೆಂದರೆ ಇಂದಲ್ಲ ನಾಳೆ ಮನ್ನಾ ಆಗುವ ಹಣ, ಚುನಾವಣೆಯೆಂದರೆ ದೊಡ್ಡ ಚುನಾವಣೆಗೆ ತಾಲೀಮು ಎಂಬ ಭಾವನೆ ಬಲಿತಲ್ಲಿ ನೆರೆಯವನು ನೆರೆಯವನನ್ನು ಕೇಳುವುದು ನಿಲ್ಲುತ್ತದೆ. ವಾರ್ಷಿಕ ಮಹಾಸಭೆಗೆ ಹೋಗಿ, ಜಮಾಖರ್ಚಿನ ಪಟ್ಟಿಯನ್ನು ಓದಿಸಿ, ಅರ್ಥವಾಗದ್ದನ್ನು ಎದ್ದುನಿಂತು ಪ್ರಶ್ನಿಸುವ ಸದಸ್ಯನೇ ಸಂಘದ ನಿಜವಾದ ಮೂಲಧನ. ಅಂದು ಓದಲಾರದ ಕಾಗದಕ್ಕೆ ಹೆಬ್ಬೆಟ್ಟೊತ್ತಿ ಕೆಟ್ಟ ರೈತನ ಮಕ್ಕಳು ಇಂದು ಓದಬಲ್ಲವರಾಗಿದ್ದಾರೆ. ಓದದೆ ಸಹಿ ಹಾಕಿದರೆ ಅವರಿಗೂ ಹೆಬ್ಬೆಟ್ಟಿಗೂ ಏನು ಅಂತರ?