ರಸ್ತೆ ಯಾರದೋ, ಸೈಕಲ್ ಪಥವೂ ಅವರದೇ



ರಾಜ್ಯದ ಸೈಕಲ್ ಬಂಧುಗಳ ಈ ಸಮಾವೇಶದ ಅಧ್ಯಕ್ಷತೆಯ ಗೌರವ ಕೊಟ್ಟ ನಿಮಗೆಲ್ಲ ನನ್ನ ಕೃತಜ್ಞತೆಗಳು. ಹೊಸ ಸೈಕಲ್ ಪಥಗಳು ಬೇಕೆಂಬ ವಿಷಯದಲ್ಲಿ ನಮ್ಮಲ್ಲಿ ಎರಡು ಮಾತಿಲ್ಲ. ಹಾಕಿದ ಪಥಗಳನ್ನು ನೋಡಿಕೊಳ್ಳುವವರು ಯಾರು ಎಂಬುದೇ ಇಂದು ನನ್ನ ಪ್ರಶ್ನೆ.

2020ರಲ್ಲಿ ಬೆಂಗಳೂರಿನ ಹೊರ ವರ್ತುಲ ರಸ್ತೆಯಲ್ಲಿ, ಸಿಲ್ಕ್ ಬೋರ್ಡ್ ಮತ್ತು ಕೆ.ಆರ್. ಪುರದ ನಡುವೆ, ಸೈಕಲ್‌ಗೆಂದೇ ಜಾಗ ಬಿಟ್ಟು ಬೊಲ್ಲಾರ್ಡ್ ನೆಟ್ಟರು. ಯೋಜನೆ ನಗರ ಭೂ ಸಾರಿಗೆ ನಿರ್ದೇಶನಾಲಯದ್ದು, ರಸ್ತೆ ಪಾಲಿಕೆಯದ್ದು. ವಾಹನಗಳು ನುಗ್ಗದಂತೆ ತಡೆಯಬೇಕಾದವರು ಸಂಚಾರ ಪೊಲೀಸರು. ಮುಂದೆ ಅದೇ ರಸ್ತೆಗೆ ಮೆಟ್ರೊ ಕಾಮಗಾರಿಯೂ ಬಂತು. ಬೊಲ್ಲಾರ್ಡ್‌ಗಳು ಮುರಿದವು, ಬೈಕುಗಳು ನುಗ್ಗಿದವು, ಪಥ ಅಳಿಸಿಹೋಯಿತು. ಯಾರನ್ನೂ ದೂರಲು ಇದನ್ನು ಹೇಳುತ್ತಿಲ್ಲ. ಹಲವರಿಗೆ ಹಂಚಿಹೋದ ಹೊಣೆಯನ್ನು ಕಾಗದದಲ್ಲಿ ಗೆರೆ ಎಳೆದು ಬೇರ್ಪಡಿಸದಿದ್ದರೆ, ಅದು ಕೊನೆಗೆ ಯಾರ ಹೆಗಲಿಗೂ ಬರುವುದಿಲ್ಲ.

ಸೈಕಲ್ ಪಥಕ್ಕೆ ಬೇಕಾದ ಆರೈಕೆಯೇ ಬೇರೆ. ಕಾರಿನ ಚಕ್ರ ಲೆಕ್ಕಿಸದ ಜಲ್ಲಿಯ ಮೇಲೆ ಸೈಕಲ್ ಜಾರುತ್ತದೆ. ಎರಡು ಬೆರಳಿನಷ್ಟು ಮೇಲೆದ್ದ ಚೇಂಬರ್ ಮುಚ್ಚಳ ಸಾಕು, ನಸುಕಿನಲ್ಲಿ ಪೇಪರ್ ಹಾಕಲು ಹೊರಟ ಹುಡುಗ ಮಗುಚಿ ಬೀಳಲು. ಒಡೆದ ಗಾಜು, ಮಳೆಗೆ ಕೊಚ್ಚಿ ಬಂದ ಮಣ್ಣು, ಯಾರೋ ಸುರಿದುಹೋದ ಕಟ್ಟಡದ ಅವಶೇಷ, ಇವುಗಳಲ್ಲಿ ಯಾವುದೊಂದು ಎದುರಾದರೂ ಶಾಲೆಗೆ ಹೊರಟ ಹುಡುಗಿ ಪಥ ಬಿಟ್ಟು ಲಾರಿಗಳ ನಡುವೆ ಇಳಿಯುತ್ತಾಳೆ. ಡಾಂಬರಿನ ಕೆಲಸ ವರ್ಷಗಳಿಗೊಮ್ಮೆ ಬರುತ್ತದೆ, ಪೊರಕೆಯ ಕೆಲಸ ದಿನವೂ ಇರುತ್ತದೆ. ಒಂದಕ್ಕೆ ದೊಡ್ಡ ಅನುದಾನ ಬೇಕು, ಇನ್ನೊಂದಕ್ಕೆ ಹತ್ತಿರದಲ್ಲೇ ಇರುವ ಕೈಗಳು ಬೇಕು. ಹಂಚಿಕೆ ಆಗಬೇಕಾದದ್ದು ಇಲ್ಲಿಯೇ.

ಕಾನೂನಿನಲ್ಲಿ ದಾರಿ ಇದೆ. 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯ 5ನೇ ಕಲಂ ಹೆದ್ದಾರಿಯನ್ನು ಸುಸ್ಥಿತಿಯಲ್ಲಿಡುವ ಹೊಣೆಯನ್ನು ಕೇಂದ್ರಕ್ಕೆ ಕೊಟ್ಟಿದೆ. ಅಧಿಸೂಚನೆ ಹೊರಡಿಸಿ ಆ ಕೆಲಸವನ್ನು ರಾಜ್ಯಕ್ಕೂ ವಹಿಸಬಹುದು. ಸಂವಿಧಾನದ 11 ಮತ್ತು 12ನೇ ಅನುಸೂಚಿಗಳಲ್ಲಿ ಪಂಚಾಯಿತಿ, ನಗರಸಭೆಗಳಿಗೆ ವಹಿಸಬಹುದಾದ ವಿಷಯಗಳ ಸಾಲಿನಲ್ಲಿ ರಸ್ತೆಯೂ ಇದೆ. ರಸ್ತೆಯ ವಿನ್ಯಾಸ, ನಿರ್ವಹಣೆಯಲ್ಲಿನ ಲೋಪದಿಂದ ಸಾವು ಅಥವಾ ಅಂಗವೈಕಲ್ಯ ಉಂಟಾದರೆ ಹೊಣೆಗಾರರಿಗೆ 1 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 198ಎ ಕಲಂ ಸೇರಿತು. ಹೊಣೆಗಾರರು ಯಾರೆಂದೇ ತಿಳಿಯದಿದ್ದರೆ ಈ ಕಲಂನಿಂದ ಏನು ಪ್ರಯೋಜನ?

ಜರ್ಮನಿಯಲ್ಲಿ ಕೇಂದ್ರ ಸರ್ಕಾರದ ಹೆದ್ದಾರಿಗೆ ತಾಗಿಕೊಂಡಿರುವ ಸೈಕಲ್ ಪಥ ಆ ಹೆದ್ದಾರಿಯ ಭಾಗವೆಂದೇ ಎಣಿಕೆ. ಹೆದ್ದಾರಿ 80,000ಕ್ಕಿಂತ ಹೆಚ್ಚು ಜನರಿರುವ ಊರನ್ನು ಹಾದುಹೋಗುವಲ್ಲಿ ಆ ಹೊಣೆ ಊರಿನ ಆಡಳಿತಕ್ಕೆ ಬರುತ್ತದೆ. ಎಲ್ಲಿ ಯಾರ ಹೊಣೆ ಮುಗಿದು ಯಾರದು ಶುರುವಾಗುತ್ತದೆ ಎಂಬುದನ್ನು ಕಾನೂನೇ ಹೇಳಿಬಿಟ್ಟಿದೆ. ನಮಗೂ ಬೇಕಾಗಿರುವುದು ಇಷ್ಟು ಸ್ಪಷ್ಟವಾದ ಮಾತು.

ಆದ್ದರಿಂದ ಈ ಸಮಾವೇಶದ ಮುಂದೆ ನಾಲ್ಕು ಅಂಶಗಳನ್ನು ಇಡುತ್ತೇನೆ. ಒಂದು, ರಸ್ತೆ ಯಾರ ಸುಪರ್ದಿಯಲ್ಲಿದೆಯೋ ಪಥದ ರಿಪೇರಿಯೂ ಅವರದೇ ಆಗಲಿ. ಎರಡು, ಗುಡಿಸುವುದು, ಕಸ ಎತ್ತುವುದು, ದೀಪ ನೋಡಿಕೊಳ್ಳುವುದು ಸ್ಥಳೀಯ ಸಂಸ್ಥೆಯ ಕೆಲಸವಾಗಲಿ. ಆದರೆ ಹೆದ್ದಾರಿಯ ಪಥಕ್ಕೆ ತಗಲುವ ಖರ್ಚನ್ನು ಹೆದ್ದಾರಿಯ ಒಡೆತನ ಇರುವವರೇ ಭರಿಸಲಿ. ಹಣ ಕೊಡದೆ ಕೆಲಸ ಮಾತ್ರ ಹೊರಿಸಿದರೆ ಬಡ ಪಂಚಾಯಿತಿ ಏನು ಮಾಡೀತು? ಮೂರು, ನೀರಿನ ಪೈಪಿಗೋ ಕೇಬಲ್‌ಗೋ ಪಥ ಅಗೆದವರು ಅದನ್ನು ಮೊದಲಿನಂತೆ ಮಾಡಿಕೊಡುವವರೆಗೆ ಗುತ್ತಿಗೆದಾರರ ಬಿಲ್ ಪಾಸಾಗಬಾರದು. ನಾಲ್ಕು, ಪ್ರತಿ ಪಥದ ಎರಡೂ ತುದಿಗಳಲ್ಲಿ ಹೊಣೆ ಹೊತ್ತ ಕಚೇರಿಯ ಹೆಸರು, ಫೋನ್ ನಂಬರ್ ಇರುವ ಬೋರ್ಡ್ ನಿಲ್ಲಲಿ.

ಇವುಗಳನ್ನು ಚರ್ಚಿಸಿ, ತಿದ್ದಿ, ನಿರ್ಣಯವಾಗಿ ಅಂಗೀಕರಿಸಿ, ಮುಂದಿನ ಬಜೆಟ್‌ಗೆ ಮೊದಲೇ ಸರ್ಕಾರಕ್ಕೆ ತಲುಪಿಸೋಣ. ನಿಮ್ಮ ನಿಮ್ಮ ತಾಲ್ಲೂಕಿನ ಪಥಗಳ ಪಟ್ಟಿಯನ್ನೂ, ಯಾವುದು ಯಾರ ರಸ್ತೆಯಲ್ಲಿದೆ ಎಂಬ ವಿವರವನ್ನೂ ಅದರ ಜೊತೆಗೇ ಸಲ್ಲಿಸೋಣ. ಆ ಪಟ್ಟಿ ಕೈಯಲ್ಲಿದ್ದಾಗ ಯಾವ ಕಚೇರಿಯೂ ‘ಇದು ನಮಗೆ ಬರುವುದಿಲ್ಲ’ ಎಂದು ನಮ್ಮನ್ನು ಸಾಗಹಾಕುವಂತಿಲ್ಲ.